ಸೀರೆಮಾತೆಯ ಒಡಲು

ಜ್ಞಾನಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನೋಡಲು ಬಂದ ಹೆಂಗಸರೆಲ್ಲ ನೋವು ಹೇಗಿದೆ ಎಂದು ಬಾಯಿಮಾತಿಗೆ ಕೇಳಿ, ಮರು ಉಸಿರಿಗೇ ಈ ವರ್ಷ ಮಾತೆಗೆ ಸೀರೆ ಉಡಿಸುವವರು ಯಾರು ಎಂದು ವಿಚಾರಿಸುತ್ತಿದ್ದರು. ಮಂಚದ ಪಕ್ಕದಲ್ಲೇ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಸೊಸೆ ಪಿಲೋಮಿನಾಳ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

“ಹೊನ್ನಾಳಿಯಿಂದ ನಮ್ಮ ತಂಗಿ ಮಗಳು ಸ್ಟೆಲ್ಲಾ ಬರ್ತಾಳೆ,” ಎಂದು ಜ್ಞಾನಮ್ಮ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. “ಮೂರು ಹೆತ್ತಾಳೆ. ಕೈಯೂ ಚುರುಕೈತೆ.”

“ಬಿಡು, ಹೆತ್ತ ಕೈ ಸಿಕ್ತಲ್ಲ,” ಎಂದು ನೆರೆಮನೆಯ ದ್ಯಾಮಮ್ಮ ನೆಮ್ಮದಿಯ ಉಸಿರು ಬಿಟ್ಟು ಲೋಟಕ್ಕೆ ಕೈ ಚಾಚಿದಳು. ಒಂದು ಗುಟುಕು ಕುಡಿದು, “ಏನೇ ಪಿಲೋಮಿ, ಸಕ್ಕರೆ ಹಾಕಾಕೂ ನಿಮ್ಮತ್ತೆನೇ ಎದ್ದು ಬರಬೇಕೇನೇ?” ಎಂದಳು. ಎಲ್ಲರೂ ನಕ್ಕರು. ಪಿಲೋಮಿನಾ ಕೂಡ ನಕ್ಕು ಸಕ್ಕರೆ ಡಬ್ಬಿ ತರಲು ಒಳಗೆ ಹೋದಳು.

ತ್ಯಾವಣಿಗೆಯಿಂದ ಬಸವಾಪಟ್ಟಣದ ರಸ್ತೆಯಲ್ಲಿ ಕಾಲುವೆ ದಾಟಿ ಸ್ವಲ್ಪ ಮುಂದೆ ಹೋದರೆ ಒಂದು ದಿಣ್ಣೆಯ ಮೇಲೆ ಆ ಚರ್ಚು ಇದೆ. ಕಮಾನಿನ ಮೇಲೆ ‘ಆರೋಗ್ಯಮಾತೆಯ ಪುಣ್ಯಕ್ಷೇತ್ರ’ ಎಂದು ದೊಡ್ಡದಾಗಿ ಬರೆಸಿದ್ದರೂ ಬಸ್ಸಿನ ಕಂಡಕ್ಟರು ಕೂಗುವುದು “ಯಾರ್ರೀ ಸೀರೆಮಾತೆ, ಇಳೀರಿ” ಎಂದೇ. ನ್ಯಾಮತಿಯಿಂದ, ಚನ್ನಗಿರಿಯಿಂದ, ಅತ್ತ ಜಗಳೂರಿನಿಂದ ಎರಡು ಬಸ್ಸು ಬದಲಾಯಿಸಿಕೊಂಡು ಹೆಂಗಸರು ಅಲ್ಲಿಗೆ ಬರುತ್ತಾರೆ. ಬರುವವರಲ್ಲಿ ಕ್ರೈಸ್ತರು ಕಡಿಮೆ. ಕೊರಳಲ್ಲಿ ಲಿಂಗ ಕಟ್ಟಿದವರು, ಬುರ್ಖಾ ತೊಟ್ಟವರು, ಮಾರಮ್ಮನ ಹರಕೆ ತೀರಿಸಿ ಅದೇ ಅರಿಶಿನದ ಕೈಯಲ್ಲಿ ಬರುವವರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮೇಣದಬತ್ತಿ ಹಚ್ಚುತ್ತಾರೆ.

ಚರ್ಚಿಗಿಂತ ಮಾತೆಯ ಪ್ರತಿಮೆ ಹಳೆಯದು. ಬಹಳ ಹಿಂದೆ, ಯಾವುದೋ ಗಲಾಟೆಯ ಕಾಲದಲ್ಲಿ, ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದ ನಾಲ್ಕಾರು ಮನೆಯವರು ಅದನ್ನು ಜೋಳದ ಒಣದಂಟಿನ ಸಪ್ಪೆಯೊಳಗೆ ಮುಚ್ಚಿಕೊಂಡು ತಂದರಂತೆ. ಗಾಡಿಯಲ್ಲಿದ್ದ ಒಬ್ಬ ಬಸುರಿಗೆ ಈ ದಿಣ್ಣೆಯ ಹತ್ತಿರ ಹೆರಿಗೆಯಾಯಿತಂತೆ. ದಾರಿಯ ಮಳೆಯಲ್ಲಿ ಮಾತೆಯ ಉಡುಪು ಕೊಳೆತು ಹರಿದುಹೋಗಿತ್ತಂತೆ. ಆ ಬಾಣಂತಿ ತನ್ನಲ್ಲಿದ್ದ ಒಂದೇ ಒಂದು ಒಣಗಿದ ಸೀರೆಯನ್ನು ಮಾತೆಗೆ ಸುತ್ತಿ, ತಾನು ಒದ್ದೆಯಲ್ಲೇ ಕುಳಿತಳಂತೆ. ಅವಳ ಮನೆತನದ ಹೆಂಗಸರೇ ಇವತ್ತಿಗೂ ಹಬ್ಬದ ಹಿಂದಿನ ದಿನ ಮಾತೆಗೆ ಹೊಸ ಸೀರೆ ಉಡಿಸುತ್ತಾರೆ. ಇನ್ನಾಸಪ್ಪನ ಮನೆತನ ಅದು. ಅವನ ತಾಯಿ ಜ್ಞಾನಮ್ಮ, ಹೆಂಡತಿ ಪಿಲೋಮಿನಾ.

ಉಡಿಸುವುದಕ್ಕೆ ಒಂದು ಕ್ರಮವಿತ್ತು. ಪೀಠದ ಸುತ್ತ ತೆರೆ ಕಟ್ಟಬೇಕು. ಒಳಗೆ ಒಬ್ಬಳೇ ಇರಬೇಕು. ತಾಯಿಯ ಮೈಗೆ ಗಾಳಿ ಬೆಳಕು ತಾಕಬಾರದಾದ್ದರಿಂದ ಹಳೆಯ ಸೀರೆಯ ಮೇಲೆಯೇ ಹೊಸದನ್ನು ಉಡಿಸಿ, ಆಮೇಲೆ ಕೈ ಒಳಗೆ ತೂರಿಸಿ ಹಳೆಯದನ್ನು ಕೆಳಗಿನಿಂದ ಎಳೆದು ತೆಗೆಯಬೇಕು. ಹೀಗೆ ತೆಗೆದ ಸೀರೆಯನ್ನು ತುಂಡು ಮಾಡಿ ಹಂಚುತ್ತಿದ್ದರು. ಬಸುರಿಯರು ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದರು, ಬಾಣಂತಿಯರು ತೊಟ್ಟಿಲಿಗೆ ಹಾಸುತ್ತಿದ್ದರು. ಮಕ್ಕಳಿಲ್ಲದವರು ಶನಿವಾರ ಶನಿವಾರ ಬಂದು ಮಾತೆಯ ನೆರಿಗೆಯ ಮೇಲೆ ಕೈ ಇಟ್ಟು ಬೇಡಿಕೊಳ್ಳುತ್ತಿದ್ದರು. ಕೈ ಇಟ್ಟವರೆಲ್ಲ ಮಾತೆಯ ಹೊಟ್ಟೆ ಬಾಣಂತಿಯ ಹೊಟ್ಟೆಯಂತೆ ಮೆತ್ತಗಿದೆ ಎನ್ನುತ್ತಿದ್ದರು. ಮೆರವಣಿಗೆಯಲ್ಲಿ ಹೆಗಲು ಕೊಟ್ಟ ಗಂಡಸರು, ಆಳೆತ್ತರದ ಪ್ರತಿಮೆ ಹೂವಿನ ಬುಟ್ಟಿಯಷ್ಟು ಹಗುರ ಎನ್ನುತ್ತಿದ್ದರು. ಇವೆರಡೂ ಆ ಕ್ಷೇತ್ರದ ದೊಡ್ಡ ಪವಾಡಗಳು.

ಪಿಲೋಮಿನಾ ಮದುವೆಯಾಗಿ ಜಗಳೂರಿನ ಕಡೆಯಿಂದ ಬಂದ ಮೊದಲ ವರ್ಷ ಏಳು ತಿಂಗಳ ಬಸುರಿಯಾಗಿದ್ದಳು. “ಹೆರಿಗೆಯಾಗ್ಲಿ, ಬರೋ ವರ್ಷ ನನ್ನ ಜೊತೆ ಒಳಗೆ ಬಾ, ಕಲಿಸಿಕೊಡ್ತೀನಿ,” ಎಂದಿದ್ದಳು ಜ್ಞಾನಮ್ಮ. ಹಬ್ಬ ಮುಗಿದ ವಾರದಲ್ಲೇ ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಹೆಣ್ಣುಮಗು. ದಾದಿ ತೋರಿಸಿದಾಗ ತಲೆಯ ತುಂಬ ಕೂದಲಿತ್ತು. ಮತ್ತೆ ಬಸಿರು ನಿಲ್ಲಲಿಲ್ಲ. ಮರುವರ್ಷ ಹಬ್ಬಕ್ಕೆ ಅವಳು ಮಿಂದು ಮಡಿಯುಟ್ಟು ತೆರೆಯ ಬಳಿ ನಿಂತಾಗ ಜ್ಞಾನಮ್ಮ, “ನೀನು ಹೊರಗಿರು. ಆ ಒಡಲು ಮುಟ್ಟಾಕೆ ಹೆತ್ತ ಕೈ ಬೇಕು,” ಎಂದಳು. ಅಲ್ಲಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಅಂದಿನಿಂದ ಪ್ರತಿ ವರ್ಷವೂ ಪಿಲೋಮಿನಾ ತೆರೆಯ ಈಚೆ ನಿಂತು ಪಿನ್ನು, ಹೂವು, ಸೀರೆ ಒಳಗೆ ಕೊಡುತ್ತ ಬಂದಳು.

ಹೆತ್ತಿದ್ದೆನಲ್ಲ ಎಂದು ಅವಳು ಯಾರೊಂದಿಗೂ ವಾದಿಸಲಿಲ್ಲ. ಆದರೆ ಅನ್ನ ಬಸಿಯುವಾಗ, ಗಂಡನ ಹಿಟ್ಟಿನ ಗಿರಣಿಯಲ್ಲಿ ಕುಳಿತು ರಾಗಿ ಹಸನು ಮಾಡುವಾಗ, ತನ್ನ ಅಂಗೈಗಳನ್ನು ತಾನೇ ತಿರುಗಿಸಿ ನೋಡಿಕೊಳ್ಳುವುದೊಂದು ಅಭ್ಯಾಸವಾಯಿತು. ಯಾರದಾದರೂ ಕೂಸನ್ನು ಎತ್ತಿಕೊಳ್ಳುವ ಮೊದಲು ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಚರ್ಚಿನ ಮಾಡಿನ ತೊಲೆಗಳಿಗೆ ಗೆದ್ದಲು ಹತ್ತಿ, ಹಿಂಬದಿಯ ಮಣ್ಣಿನ ಗೋಡೆ ಉಬ್ಬಿಕೊಂಡದ್ದು ಕಳೆದ ಬೇಸಿಗೆಯಲ್ಲಿ. ಕೆಡವಿ ಹೊಸದು ಕಟ್ಟೋಣ ಎಂದು ಕೆಲವರು ಅಂದರು. ಫಾದರ್ ಅಲೋಶಿಯಸ್ ಒಪ್ಪಲಿಲ್ಲ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು ಎಂದು ಬಿಷಪರ ಮನೆಗೆ ಅಲೆದಾಡಿ ಅನುಮತಿ ತಂದರು. ಮೈಸೂರಿನಿಂದ ಪ್ರಮೀಳಾ ಎಂಬ ಹೆಂಗಸು ಬಂದಳು. ಹಳೆಯ ಮರದ ಪ್ರತಿಮೆಗಳನ್ನೂ ಗೋಡೆಗಳನ್ನೂ ಉಳಿಸುವುದೇ ಅವಳ ಕೆಲಸ. ಅವಳು ತೊಲೆಗಳನ್ನು ತಟ್ಟಿ ನೋಡಿ, ಗಾರೆಯನ್ನು ಕೆರೆದು ನೋಡಿ, ಕೊನೆಗೆ ಪೀಠದ ಮುಂದೆ ನಿಂತು, “ಗೆದ್ದಲು ಇಲ್ಲಿಗೂ ಬಂದಿರಬಹುದು ಫಾದರ್. ಸೀರೆ ತೆಗೆದು ನೋಡದೆ ಹೇಳೋಕಾಗಲ್ಲ,” ಎಂದಳು.

ಫಾದರ್ ಮಂಚದ ಬಳಿ ಬಂದು ಕೈಮುಗಿದು ಕೇಳಿದರೂ ಜ್ಞಾನಮ್ಮ ಒಪ್ಪಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು. “ಗೆದ್ದಲು ತಿಂದು ಮಾತೆ ಒಂದಿನ ಮೆರವಣಿಗೇಲಿ ಮುರಿದು ಬಿದ್ರೆ ಏನ್ ಮಾಡೋದು ಜ್ಞಾನಮ್ಮಾ?” ಎಂದು ಫಾದರ್ ಕೇಳಿದ ಮೇಲೆ ಮುಖ ಈಚೆ ಹೊರಳಿಸಿ, “ಗಂಡಸರು ಯಾರೂ ಒಳಗೆ ಬರಂಗಿಲ್ಲ. ನೀವೂ ಬರಂಗಿಲ್ಲ ಸ್ವಾಮಿ. ನಮ್ಮ ಸ್ಟೆಲ್ಲಾ ಜೊತೆಗಿರಬೇಕು,” ಎಂದಳು.

ಗೊತ್ತುಮಾಡಿದ ದಿನ ಸ್ಟೆಲ್ಲಾಳ ಚಿಕ್ಕ ಮಗನಿಗೆ ಜ್ವರ. ಹೊನ್ನಾಳಿಯಿಂದ ಫೋನು ಬಂತು. ಪ್ರಮೀಳಾ ಸಂಜೆಯೇ ಮೈಸೂರಿಗೆ ಹೊರಡುವವಳು. ಇನ್ನಾಸಪ್ಪ ಹೆಂಡತಿಯ ಮುಖ ನೋಡಿದ.

“ನೀನು ಹೋಗಬೇಡ ಪಿಲೋಮಿ,” ಎಂದಳು ಜ್ಞಾನಮ್ಮ ಮಂಚದಿಂದ.

“ನಾನು ಮುಟ್ಟಲ್ಲ ಅತ್ತೆ. ನಿಂತು ನೋಡ್ತೀನಿ ಅಷ್ಟೇ.”

“ನೋಡಲೂ ಬೇಡ. ನನ್ನ ಮಾತು ಕೇಳು.”

 ನೋಟಕ್ಕೂ ನಾನು ಹೊಲೆಯಾದೆನೇ ಎಂದುಕೊಂಡಳು ಪಿಲೋಮಿನಾ. ಮದುವೆಯಾದಂದಿನಿಂದ ಮೊದಲ ಬಾರಿಗೆ ಅತ್ತೆಯ ಮಾತಿಗೆ ಉತ್ತರ ಕೊಡದೆ ಚಪ್ಪಲಿ ಮೆಟ್ಟಿ ಹೊರಟಳು.

ಬೆಳಿಗ್ಗೆ ಹತ್ತರ ಬಿಸಿಲು ಮೇಲಿನ ಗಾಜಿನ ಹೆಂಚಿನಿಂದ ಪೀಠದ ಮೇಲೆ ನೇರ ಬೀಳುತ್ತಿತ್ತು. ತೆರೆಯ ಆಚೆ ಫಾದರ್ ಬೆಂಚಿನ ಮೇಲೆ ಕುಳಿತು ಜಪಸರ ತಿರುಗಿಸುತ್ತಿದ್ದರು. ಪ್ರಮೀಳಾ ಕೈಗೆ ತೆಳು ಗವಸು ಹಾಕಿಕೊಂಡು, “ಅಮ್ಮಾ, ನೀವೂ ಒಂದು ಕಡೆ ಹಿಡಿದುಕೊಳ್ಳಿ,” ಎಂದಳು.

“ನಾನು ಮುಟ್ಟಂಗಿಲ್ಲ ಮೇಡಂ.”

“ಯಾಕೆ?”

ಪಿಲೋಮಿನಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಪ್ರಮೀಳಾ ಅವಳನ್ನು ಒಂದು ಕ್ಷಣ ನೋಡಿ, ತಾನೇ ಪಿನ್ನುಗಳನ್ನು ಬಿಚ್ಚತೊಡಗಿದಳು.

ಮೇಲಿನ ಸೀರೆ ಹೋದ ವರ್ಷದ್ದು, ನವಿಲುಬಣ್ಣದ್ದು. ಅದನ್ನು ತೆಗೆದರೆ ಒಳಗೆ ಬರಿಯ ಮೈಯಿರಬೇಕಿತ್ತು. ಇರಲಿಲ್ಲ. ಒಂದು ಹಳೆಯ ಹತ್ತಿ ಸೀರೆ ಸುತ್ತಿಕೊಂಡಿತ್ತು. ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು, ಅಂಚೆಲ್ಲ ಹಿಂಜಿದ್ದು, ಬಣ್ಣವೇ ಗೊತ್ತಾಗದ್ದು. ಜ್ಞಾನಮ್ಮ ಹಳೆಯ ಸೀರೆಯೆಂದು ಪ್ರತಿ ವರ್ಷ ಒಂದನ್ನು ಹೊರಗೆ ಕೊಡುತ್ತಿದ್ದುದು ಹೌದು. ಆದರೆ ಒಳಗಿನ ಈ ಸುತ್ತುಗಳು ಅವಳ ಅತ್ತೆಯ ಕಾಲದವೋ, ಅವಳ ಅತ್ತೆಯ ಅತ್ತೆಯ ಕಾಲದವೋ. ಪ್ರಮೀಳಾ ಒಂದೊಂದನ್ನೂ ಬಾಣಂತಿಯ ಹೊಟ್ಟೆಪಟ್ಟಿ ಬಿಚ್ಚುವಂತೆ ಮೆಲ್ಲಗೆ ಸುತ್ತು ತಿರುವಿ ತೆಗೆದಳು. ಹಳೆಯ ಬಟ್ಟೆಯ, ಕರ್ಪೂರದ, ಇಲಿಹಿಕ್ಕೆಯ ವಾಸನೆ ಎದ್ದಿತು. ಪ್ರತಿಮೆ ತೆಳ್ಳಗಾಗುತ್ತ ಹೋಯಿತು. ಪಿಲೋಮಿನಾ ಬಾಯೊಳಗೇ ‘ನಮೋ ಮರಿಯ’ ಹೇಳುತ್ತಿದ್ದಳು.

ಕೊನೆಯ ಸುತ್ತು ಜಾರಿ ಬಿತ್ತು.

ಅವಳ ಪ್ರಾರ್ಥನೆ ಅರ್ಧಕ್ಕೆ ನಿಂತಿತು. ಮಾತೆಯ ಮುಖವಿತ್ತು, ಅದೇ ಗೋಧಿಬಣ್ಣದ ಮುಖ, ಅರೆತೆರೆದ ಕಣ್ಣು. ಕೊರಳಿತ್ತು, ಎದೆಯವರೆಗೆ ಒರಟಾಗಿ ಕೆತ್ತಿದ ಮರವಿತ್ತು. ಕೂಸನ್ನು ಹಿಡಿದ ಎರಡು ಚೆಂದದ ಕೈಗಳಿದ್ದವು. ಮೊಣಕೈಯಿಂದ ಮೇಲಕ್ಕೆ ಬರಿಯ ಕಡ್ಡಿ. ಎದೆಯ ಕೆಳಗೆ ಏನೂ ಇರಲಿಲ್ಲ. ಸೊಂಟದ ಜಾಗದಲ್ಲಿ ಒಂದು ಮರದ ಬಳೆ. ಅದರಿಂದ ಪೀಠದವರೆಗೆ ಸುತ್ತಲೂ ಇಳಿಬಿಟ್ಟು ಮೊಳೆ ಹೊಡೆದ ತೆಳು ಮರದ ರೀಪುಗಳು. ಹಿತ್ತಿಲಲ್ಲಿ ಕೋಳಿ ಮುಚ್ಚುವ ಪಂಜರದಂತೆ. ರೀಪುಗಳ ನಡುವಿನಿಂದ ಹಿಂದಿನ ಗೋಡೆಯ ಸುಣ್ಣ ಕಾಣಿಸುತ್ತಿತ್ತು. ಹೊಟ್ಟೆಯಿರಬೇಕಾದ ಜಾಗದಲ್ಲಿ ಕಡಜವೊಂದು ಯಾವ ಕಾಲದಲ್ಲೋ ಕಟ್ಟಿ ಬಿಟ್ಟುಹೋದ ಮಣ್ಣಿನ ಗೂಡು ಅಂಟಿಕೊಂಡಿತ್ತು.

 ಪಿಲೋಮಿನಾ ಕೆಳಗೆ ಬಿದ್ದಿದ್ದ ಸೀರೆಗಳ ಗುಡ್ಡೆಯ ಮೇಲೆ ಕುಸಿದು ಕುಳಿತಳು.

“ಏನಾಯ್ತಮ್ಮಾ? ಏನದು ಶಬ್ದ?” ತೆರೆಯಾಚೆಯಿಂದ ಫಾದರ್ ಗಾಬರಿಯಾಗಿ ಕೇಳಿದರು.

“ಮೈ ಇಲ್ಲ,” ಎಂದಳು ಪಿಲೋಮಿನಾ.  “ಮಾತೆ ಮೈ ಇಲ್ಲ ಸ್ವಾಮಿ. ಯಾರೋ ತಗೊಂಡ್ಹೋಗ್ಯಾರೆ.”

ಮೊದಲು ಹೊಳೆದದ್ದು ಅದೇ. ಯಾರೋ ಕದ್ದಿದ್ದಾರೆ. ಮರುಕ್ಷಣ ಅದಕ್ಕಿಂತ ಕೆಟ್ಟದ್ದು ಹೊಳೆಯಿತು: ಒಳಗೆ ಬರುತ್ತಿದ್ದವಳು ಒಬ್ಬಳೇ. ‘ನೋಡಲೂ ಬೇಡ, ನನ್ನ ಮಾತು ಕೇಳು’ ಎಂದವಳು.  ಊರಿಗೆ ಗೊತ್ತಾದರೆ ಇನ್ನಾಸಪ್ಪ ಗಿರಣಿ ಬಾಗಿಲು ತೆರೆದು ಕೂರುವುದು ಹೇಗೆ? ಸೊಂಟ ಮುರಿದು ಮಲಗಿರುವ ಮುದುಕಿಯ ಮುಂದೆ ಜನ ಬಂದು ಏನೇನು ಕೇಳಬಹುದು?

ಪ್ರಮೀಳಾ ಮಾತ್ರ ಮಂಡಿಯೂರಿ, ಟಾರ್ಚು ಹಿಡಿದು ರೀಪುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಚ್ಚರಿಯಿತ್ತು, ಗಾಬರಿ ಇರಲಿಲ್ಲ.

“ಯಾರೂ ಕದ್ದಿಲ್ಲಮ್ಮಾ. ಇದನ್ನ ಮಾಡಿದ್ದೇ ಹೀಗೆ. ಈ ಮೊಳೆ ನೋಡಿ, ಕಮ್ಮಾರ ಕೈಯಲ್ಲಿ ಬಡಿದದ್ದು. ಕೊರಳಿನ ಬಣ್ಣ ಹಚ್ಚಿದ ಕಾಲದಲ್ಲೇ ಇವನ್ನೂ ಹೊಡೆದಿದ್ದಾರೆ. ಆಗಿನವರು ಹೊತ್ತುಕೊಂಡು ಊರೂರು ತಿರುಗಬೇಕಿತ್ತಲ್ಲ, ಮುಖ ಮತ್ತು ಕೈ ಮಾತ್ರ ಕೆತ್ತಿಸಿ, ಉಳಿದದ್ದಕ್ಕೆ ಚೌಕಟ್ಟು ಕಟ್ಟಿ ಬಟ್ಟೆ ಉಡಿಸ್ತಿದ್ದರು. ಗೋವೆಯ ಕಡೆ ಇಂಥವು ಇವೆ. ಇಲ್ಲಿ ಸಿಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.” ಅವಳು ರೀಪೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. “ಗೆದ್ದಲೂ ಇಲ್ಲ. ಮರ ಗಟ್ಟಿಯಾಗಿದೆ.”

“ಅದಕ್ಕೇ ಹಗುರ,” ಎಂದರು ಫಾದರ್ ತೆರೆಯಾಚೆಯಿಂದ, ತಮಗೇ ಹೇಳಿಕೊಳ್ಳುವವರಂತೆ.  ಆಮೇಲೆ, “ಹಬ್ಬ ಹತ್ತಿರ ಬಂತು. ಸದ್ಯಕ್ಕೆ ಈ ಮಾತು ಇಲ್ಲೇ ಇರಲಿ ಪಿಲೋಮಿನಾ. ಜನಕ್ಕೆ ಹೇಗೆ ಹೇಳಬೇಕು ಅಂತ ನಾನು ಯೋಚನೆ ಮಾಡ್ತೀನಿ,” ಎಂದರು.

ಪಿಲೋಮಿನಾ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಅವಳು ಎದ್ದು ಪ್ರತಿಮೆಯ ಹತ್ತಿರ ಹೋಗಿದ್ದಳು. ಇಷ್ಟು ವರ್ಷ ಮುಟ್ಟಬಾರದೆಂದಿದ್ದ ಕೈಯನ್ನು ಚಾಚಿ ಎರಡು ರೀಪುಗಳ ನಡುವೆ ತೂರಿಸಿದಳು. ಕೈ ಎಲ್ಲಿಗೂ ತಾಗದೆ ಆಚೆಗೆ ಹೋಯಿತು. ಮುಟ್ಟಲು ಏನೂ ಇರಲಿಲ್ಲ. ಇದಕ್ಕೆ ಹೆತ್ತ ಕೈ ಬೇಕಿತ್ತೇ? ಅವಳಿಗೆ ನಗು ಬಂದ ಹಾಗಾಯಿತು. ಬಾಯಿ ತೆರೆದರೆ ಹೊರಬಂದದ್ದು ನಗುವಾಗಿರಲಿಲ್ಲ. ಪ್ರಮೀಳಾ ಬೆಚ್ಚಿ ಎದ್ದು ಅವಳ ಭುಜ ಹಿಡಿದುಕೊಂಡಳು.

ಮನೆಗೆ ಬಂದಾಗ ಜ್ಞಾನಮ್ಮ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಮಲಗಿದ್ದಳು. ಸೊಸೆಯ ಮುಖ ನೋಡಿದ್ದೇ ಕಣ್ಣು ಮುಚ್ಚಿದಳು.

“ನಿಮಗೆ ಗೊತ್ತಿತ್ತಾ ಅತ್ತೆ?”

“ಗೊತ್ತಿಲ್ಲದೆ ಇರ್ತೈತಾ? ವರ್ಷಾ ವರ್ಷಾ ಕೈ ಹಾಕಿದೋಳು ನಾನು.”

“ಅಲ್ಲಿ ಏನೂ ಇಲ್ಲ. ಕಟ್ಟಿಗೆ. ಬರೀ ಕಟ್ಟಿಗೆ!” ಪಿಲೋಮಿನಾಳ ಧ್ವನಿ ಕಿರುಚಿನಂತೆ ಏರಿತು. “ಆ ಕಟ್ಟಿಗೆ ಮುಟ್ಟಾಕೆ ನಾನು ಯೋಗ್ಯಳಲ್ಲ ಅಂತ ಊರ ಮುಂದೆ ಅಂದ್ರಲ್ಲ. ದ್ಯಾಮಮ್ಮ ತನ್ನ ಮೊಮ್ಮಗನ ನಾಮಕರಣಕ್ಕೆ ನನ್ನ ಕೈಯಲ್ಲಿ ಆರತಿ ಹಿಡಿಸಲಿಲ್ಲ, ಗೊತ್ತಾ ನಿಮಗೆ? ನಾನು ಸುಮ್ನೆ ಹಿಂದೆ ಹೋಗಿ ನಿಂತೆ. ಮಾತೆನೇ ಬೇಡ ಅಂದ ಕೈ, ದ್ಯಾಮಮ್ಮಗೆ ಯಾಕೆ ಬೇಕು ಅಂದ್ಕೊಂಡೆ.”

 ಜ್ಞಾನಮ್ಮನ ದವಡೆ ಅಲುಗುತ್ತಿತ್ತು.

“ಹೇಳ್ರಿ. ಯಾಕೆ ಅಂಗೆ ಮಾಡಿದ್ರಿ?”

“ನೀರು ಕೊಡು.”

“ಮೊದಲು ಹೇಳ್ರಿ.”

ಜ್ಞಾನಮ್ಮ ಸೊಸೆಯನ್ನು ಆಶ್ಚರ್ಯದಿಂದ ನೋಡಿದಳು. ಕೇಳಿದಾಗ ನೀರು ಸಿಗದೆ ಇದ್ದದ್ದು ಆ ಮನೆಯಲ್ಲಿ ಅವಳಿಗೆ ಅದೇ ಮೊದಲು.

“ಮಗು ಹೋದಾಗ ನೀನು ಏನ್ ಮಾಡ್ತಿದ್ದಿ, ನೆನಪೈತಾ?” ಎಂದಳು ನಿಧಾನವಾಗಿ. “ದಿನಾ ಸಂಜೆ ಹೋಗಿ ಮಾತೆ ನೆರಿಗೇಲಿ ಮುಖ ಇಟ್ಟು ಬಿದ್ದಿರ್ತಿದ್ದಿ. ಇನ್ನಾಸಪ್ಪ ಬಂದು ಎಬ್ಬಿಸ್ಕೊಂಡು ಬರಬೇಕಿತ್ತು. ಒಂದಿನ ನಾನೇ ಬಂದೆ. ನೀನು ಮಾತೆ ಹೊಟ್ಟೆ ಸವರಿಕೊಂತ, ‘ನನ್ನ ಕೂಸು ಇಲ್ಲೇ ಐತೆ, ಇಲ್ಲಿ ಬೆಚ್ಚಗೈತೆ, ನೀನೇ ನೋಡ್ಕೋ ತಾಯಿ’ ಅಂತಿದ್ದಿ. ನಾನು ಕೇಳಿಸ್ಕೊಂಡೆ.”

 ಅದನ್ನು ಯಾರೂ ಕೇಳಿಸಿಕೊಂಡಿಲ್ಲವೆಂದೇ ಪಿಲೋಮಿನಾ ಇಷ್ಟು ದಿನ ನಂಬಿದ್ದಳು. ತನಗೆ ತಾನೇ ಅದನ್ನು ಮತ್ತೆಂದೂ ಹೇಳಿಕೊಂಡಿರಲಿಲ್ಲ.

“ಆಮೇಲೆ ಹಬ್ಬ ಬಂತು. ನಿನ್ನ ಒಳಗೆ ಕರ್ಕೊಂಡು ಹೋಗಿ, ನಿನ್ನ ಕೈ ಹಿಡ್ದು ಆ ಕಡ್ಡಿ ಮೇಲೆ ಇಡಿಸ್ಬೇಕಿತ್ತಾ ನಾನು? ನೋಡೇ, ಇಲ್ಲಿ ಏನೂ ಇಲ್ಲ, ನಿನ್ನ ಕೂಸೂ ಇಲ್ಲ, ಹೊಟ್ಟೆನೂ ಇಲ್ಲ ಅಂತ? ಏನಾದ್ರೂ ಒಂದು ಹೇಳ್ಬೇಕಿತ್ತು. ಬಾಯಿಗೆ ಬಂದಿದ್ದು ಹೇಳ್ದೆ. ಆ ಹೆತ್ತ ಕೈ ಅನ್ನೋ ಮಾತು ನಮ್ಮತ್ತೆದೂ ಅಲ್ಲ, ಯಾರದ್ದೂ ಅಲ್ಲ. ಅವತ್ತು ನಾನೇ ಹುಟ್ಟಿಸಿದ್ದು.”

ಪಿಲೋಮಿನಾ ಗೋಡೆಗೆ ಒರಗಿದಳು. ಊರಿಗೆ ಊರೇ ನಂಬಿದ್ದ, ಹೊನ್ನಾಳಿಯ ಸ್ಟೆಲ್ಲಾ ಜಂಬ ಪಡುತ್ತಿದ್ದ, ತಾನು ಪ್ರತಿ ದಿನ ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದ ಆ ನೇಮ, ಒಂದು ಮಧ್ಯಾಹ್ನ ಒಬ್ಬ ಮುದುಕಿಯ ಬಾಯಿಗೆ ಬಂದ ಮಾತು.

“ಆಮೇಲೆ ಹೇಳಬಹುದಿತ್ತು. ಹತ್ತು ವರ್ಷ ಆದ್ಮೇಲೆ ಹೇಳಬಹುದಿತ್ತು.”

“ಹೇಳಬಹುದಿತ್ತು,” ಎಂದಳು ಜ್ಞಾನಮ್ಮ. “ಧೈರ್ಯ ಬರಲಿಲ್ಲ. ಎಲ್ರೂ ನಂಬಿಬಿಟ್ಟಿದ್ರು. ನೀನೂ ನಂಬಿದ್ದಿ.”

ಪಿಲೋಮಿನಾ ಒಳಗೆ ಹೋಗಿ ನೀರು ತಂದು ಕೊಟ್ಟಳು. ಕ್ಷಮಿಸಿದ್ದರಿಂದಲ್ಲ, ಮುದುಕಿಯ ತುಟಿ ಒಡೆದಿತ್ತು. ಆಮೇಲೆ ಹಿತ್ತಿಲಿಗೆ ಹೋಗಿ ಹೊನ್ನಾಳಿಗೆ ಫೋನು ಮಾಡಿದಳು. “ಸ್ಟೆಲ್ಲಾ, ಮಗೂನ ನೋಡ್ಕೋ. ನೀನು ಬರೋದು ಬೇಡ. ಸೀರೆ ನಾನೇ ಉಡಿಸ್ತೀನಿ.” ಆ ಕಡೆಯಿಂದ, “ನೀನಾ? ದೊಡ್ಡಮ್ಮ ಒಪ್ಪಿದ್ಲಾ? ಜನ ಏನಂತಾರೆ ಅಕ್ಕಾ?” ಎಂಬ ಪ್ರಶ್ನೆಗಳು ಬರುತ್ತಿರುವಾಗಲೇ ಕರೆ ಮುಗಿಸಿದಳು.

ಹಬ್ಬದ ಹಿಂದಿನ ಮಧ್ಯಾಹ್ನ ಚರ್ಚಿನ ತುಂಬ ಹೆಂಗಸರಿದ್ದರು. ಪಿಲೋಮಿನಾ ಹೊಸ ಸೀರೆ ಹಿಡಿದು ತೆರೆಯತ್ತ ನಡೆದಾಗ ಗುಜುಗುಜು ಎದ್ದಿತು. “ಇದೇನ್ರೀ ಫಾದರ್, ಇವಳು ಹೋಗ್ತಾಳಲ್ಲ?” ಎಂದು ದ್ಯಾಮಮ್ಮ ಕೇಳಿಯೇಬಿಟ್ಟಳು. “ಜ್ಞಾನಮ್ಮನೇ ಹೇಳಿ ಕಳಿಸಿದ್ದಾರೆ,” ಎಂದರು ಫಾದರ್. ಅದು ನಿಜವಾಗಿತ್ತು. ಆ ಬೆಳಿಗ್ಗೆ ಜ್ಞಾನಮ್ಮ ಫಾದರನ್ನು ಕರೆಸಿ ಅಷ್ಟು ಮಾತ್ರ ಹೇಳಿದ್ದಳು.

ತೆರೆಯ ಬಳಿ ರುಹೀನಾ ನಿಂತಿದ್ದಳು. ಸಂತೇಬೆನ್ನೂರಿನವಳು, ಗಂಡ ಇಸ್ರಾರ್ ಹಾಸಿಗೆ ಹೊಲಿಯುವವನು. ಮದುವೆಯಾಗಿ ವರ್ಷಗಳು ಕಳೆದಿದ್ದವು, ಬಸಿರು ನಿಲ್ಲುತ್ತಿರಲಿಲ್ಲ. ಮಳೆಯಿರಲಿ ಬಿಸಿಲಿರಲಿ ಅವಳು ಶನಿವಾರ ತಪ್ಪಿಸಿದವಳಲ್ಲ. ಪಿಲೋಮಿನಾಳ ಮೊಣಕೈ ಹಿಡಿದು ಕಿವಿಯ ಹತ್ತಿರ ಬಂದಳು.

“ಅಕ್ಕಾ, ಈ ಸಲ ನೀನು ಒಳಗೆ ಹೋಗ್ತಿದೀಯ. ನಿಂಗೆ ನಮ್ಮಂಥೋರ ಸಂಕಟ ಗೊತ್ತೈತೆ. ಸೀರೆ ಮೇಲಿಂದ ಮುಟ್ಟಿ ಮುಟ್ಟಿ ಸಾಕಾಗೈತೆ. ಒಂದೇ ಒಂದ್ಸಲ ನನ್ನ ಕೈ ಮಾತೆ ಹೊಟ್ಟೆ ಮೇಲೆ ಇಡಿಸು. ಯಾರಿಗೂ ಹೇಳಲ್ಲ.”

ಪಿಲೋಮಿನಾ ಅವಳ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು. ತುಟಿಯಲ್ಲಿ ಆಸೆಯ ನಡುಕ. ಇಲ್ಲ ಎಂದು ಹೇಳಬೇಕಾದರೆ ಏನಾದರೂ ಒಂದು ಕಾರಣ ಹೇಳಬೇಕು. ಯಾವ ಕಾರಣ? ಬಾಯಿಗೆ ಬಂದ ಮಾತಿನಿಂದ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ನಾನು ಹಾಗೆ ಮಾಡಲಾರೆ, ಇವಳಿಗೆ ಸತ್ಯ ತಿಳಿಯಲಿ ಎಂದುಕೊಂಡಳು. ರುಹೀನಾಳ ಕೈ ಹಿಡಿದು ತೆರೆಯೊಳಕ್ಕೆ ಎಳೆದುಕೊಂಡಳು. ಹೊರಗೆ ಯಾರೋ “ಅಯ್ಯೋ!” ಎಂದರು.

ಪ್ರಮೀಳಾ ಬಂದ ದಿನ ಕಟ್ಟಿದ ತೆರೆಯನ್ನು ಯಾರೂ ಬಿಚ್ಚಿರಲಿಲ್ಲ; ಒಳಗೆ ಮಾತೆಗೆ ಅವಳು ಹೊದಿಸಿಹೋಗಿದ್ದ ಒಂದು ತೆಳುವಾದ ಕೋರಾ ಬಟ್ಟೆ ಮಾತ್ರ ಇತ್ತು, ತೆಗೆದ ಸೀರೆಗಳು ಪಕ್ಕದಲ್ಲಿ ಮಡಿಸಿಟ್ಟಿದ್ದವು. ಪಿಲೋಮಿನಾ ಅದನ್ನು ಸೊಂಟದವರೆಗೆ ಎತ್ತಿ ಹಿಡಿದಳು.

ರುಹೀನಾ ನೋಡಿದಳು. ಬಗ್ಗಿ ಮತ್ತೆ ನೋಡಿದಳು. ಚಾಚಿದ್ದ ಅವಳ ಕೈ ಅರ್ಧದಲ್ಲೇ ನಿಂತಿತ್ತು.  ಪಿಲೋಮಿನಾಳಿಗೆ ಅವಳ ಬೆನ್ನ ಮೇಲೆ ಕೈ ಇಡಬೇಕೆನಿಸಿತು.

“ಮೊದಲಿಂದಲೂ ಹಿಂಗೇ ಐತೆ ರುಹೀನಾ. ನಂಗೂ ಮೊನ್ನೆನೇ ಗೊತ್ತಾಗಿದ್ದು.”

“ಯಾಕೆ ತೋರಿಸ್ದಿ?”

ಆ ಧ್ವನಿಗೆ ಪಿಲೋಮಿನಾ ಒಂದು ಹೆಜ್ಜೆ ಹಿಂದೆ ಸರಿದಳು.

“ಕೈ ಇಡಿಸು ಅಂದೆ. ನೋಡಬೇಕು ಅಂದಿದ್ನಾ ನಾನು? ಬಟ್ಟೆ ಮೇಲಿಂದ ಇಡಿಸಿ, ಇದೇ ಕಣೆ ಹೊಟ್ಟೆ ಅಂದಿದ್ರೆ ಆಗ್ತಿತ್ತಲ್ಲ!”

“ನಿಜ ಗೊತ್ತಾಗ್ಲಿ ಅಂತ...”

“ನಿಜ ನಮ್ಮ ಮನೇಲಿ ಬೇಕಾದಷ್ಟೈತೆ ಅಕ್ಕಾ,” ಎಂದಳು ರುಹೀನಾ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಮ್ಮತ್ತೆ ದಿನಾ ತಟ್ಟೆಗೆ ಹಾಕಿ ಕೊಡ್ತಾಳೆ ನಿಜಾನ. ಅದಕ್ಕೋಸ್ಕರ ಇಲ್ಲಿಗಂಟ ಬಸ್ಸಿಗೆ ಬರ್ತಿದ್ನಾ ನಾನು?”

 ಸರಿಯಾದದ್ದನ್ನೇ ಮಾಡುತ್ತಿದ್ದೇನೆಂದು ಕ್ಷಣದ ಹಿಂದೆ ಪಿಲೋಮಿನಾಳಿಗೆ ಎಷ್ಟು ಖಚಿತವಾಗಿತ್ತು. ಅತ್ತೆ ಸುಳ್ಳು ಹೇಳಿ ತನ್ನನ್ನು ಸುಟ್ಟಳು. ತಾನು ನಿಜ ತೋರಿಸಿ ಈ ಹುಡುಗಿಯನ್ನು ಸುಟ್ಟೆನೇ? ಏನಾದರೂ ಹೇಳಬೇಕೆಂದು ತಡಕಾಡುತ್ತಿರುವಾಗಲೇ ರುಹೀನಾ ಅವಳನ್ನು ದಾಟಿ ತೆರೆ ಸರಿಸಿ ಹೊರಟುಹೋದಳು.

ಹೊರಗೆ ಹೆಂಗಸರು ಮುತ್ತಿಕೊಂಡ ಸದ್ದು ಹತ್ತಿರದಲ್ಲೇ ಎದ್ದಿತು. “ಒಳಗೆ ಕರ್ಕೊಂಡಿದ್ಲಾ ನಿನ್ನ?” “ಏನ್ ನೋಡ್ದೇ?” “ಯಾಕೆ ಅಳ್ತಿದೀಯೇ, ಮಾತೆ ಮೈ ಕಂಡ್ತಾ? ಹೇಳೇ, ಹೆಂಗೈತೆ?”

ಪಿಲೋಮಿನಾ ಕೋರಾ ಬಟ್ಟೆಯ ಅಂಚನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಈಗ ಹೇಳುತ್ತಾಳೆ. ಒಂದು ಮಾತು ಸಾಕು. ನ್ಯಾಮತಿ ಬಸ್ಸು ಹೊರಡುವ ಮೊದಲು ಸುದ್ದಿ ಊರು ದಾಟುತ್ತದೆ. ಜ್ಞಾನಮ್ಮನ ಮಂಚದವರೆಗೂ ಹೋಗುತ್ತದೆ. ಹೇಳಲಿ, ಅವಳಿಗೆ ಆ ಹಕ್ಕಿದೆ. 

ರುಹೀನಾ ಮೂಗು ಸೀನಿಕೊಂಡ ಸದ್ದು ಬಂತು.

“ಸೆಕೆ,” ಎಂದಳು ಅವಳು. “ಒಳಗೆ ಒಂದು ಫ್ಯಾನ್ ಇಲ್ಲ. ಆ ಕರ್ಪೂರದ ಘಾಟಿಗೆ ಕಣ್ಣಲ್ಲಿ ನೀರು ಬರದೆ ಇನ್ನೇನ್ ಬರ್ತೈತೆ?”

“ಅಷ್ಟೇನಾ?” ದ್ಯಾಮಮ್ಮನಿಗೆ ನಿರಾಸೆಯಾಗಿತ್ತು. “ಕೈ ಇಟ್ಟೆಯಾ ಇಲ್ವಾ?”

“ಇಟ್ಟೆ.”

“ಹೆಂಗಿತ್ತು?”

“ಮೆತ್ತಗಿತ್ತು,” ಎಂದಳು ರುಹೀನಾ.

ಪಿಲೋಮಿನಾ ಬೆಚ್ಚಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆಣೆ ಹಾಕಿಸಿಕೊಂಡಿರಲಿಲ್ಲ. ತನ್ನ ಮೇಲೆ ಇನ್ನೂ ಕೋಪವಿರುವ ಹುಡುಗಿ, ಒದ್ದೆ ಕಣ್ಣಲ್ಲಿ, ಅಷ್ಟು ಜನರ ನಡುವೆ ನಿಂತು ಹಾಗೆ ಹೇಳಿದ್ದಳು. ಸೀರೆ ಉಡಿಸಲು ಇಲ್ಲಿ ಕೈ ತೂರಿಸಿದ ಎಷ್ಟು ಹೆಂಗಸರು ಹೊರಗೆ ಹೋಗಿ ಇದೇ ಮಾತು ಹೇಳಿದ್ದಿರಬಹುದು, ಯಾರ ಮುಖ ನೋಡಿ ಹೇಳಿದ್ದಿರಬಹುದು?

“ಬೇಗ ಉಡಿಸು ಅಕ್ಕಾ,” ತೆರೆಯ ಆಚೆಯಿಂದ ರುಹೀನಾ ಗಟ್ಟಿಯಾಗಿ ಕೂಗಿದಳು. ಸ್ವರ ಇನ್ನೂ ಒರಟಾಗಿತ್ತು. “ಹಳೇದರಲ್ಲಿ ನಂಗೊಂದು ತುಂಡು ಬೇಕು. ನಾಲ್ಕೂವರೆ ಬಸ್ಸು ತಪ್ಪಿಸಿದ್ರೆ ನಿನ್ನ ಸುಮ್ನೆ ಬಿಡಲ್ಲ.”

“ಹೂಂ,” ಎಂದಳು ಪಿಲೋಮಿನಾ.  ಅವಳು ಸೀರೆಯ ಮಡಿಕೆ ಬಿಚ್ಚಿ, ಮೊದಲ ಸುತ್ತು ತಂದಳು.